ಬಾಟಲಿಯ ಮೇಲೆ ಬರೆದದ್ದು

ಶನಿವಾರ ಬೆಳಿಗ್ಗೆ ಹತ್ತೂಮುಕ್ಕಾಲಿಗೆ ಅರ್ಲೀನ್ ರ್ಯಾಬಿಡೋ ಬಾಯಿಹುಣ್ಣಿನ ಮುಲಾಮು ತಂದು ನನ್ನ ಔಷಧಿ ಅಂಗಡಿಯ ಕೌಂಟರಿನ ಮೇಲಿಟ್ಟಳು. ಒಂದಲ್ಲ, ಮೂರು ಟ್ಯೂಬು.

"ಯಾರಿಗೇ ಇಷ್ಟೊಂದು? ಇಡೀ ಊರಿಗೆ ಹಂಚ್ತೀಯಾ?" ಎಂದೆ.

"ನಮ್ಮ ವೆಂಡೆಲ್‌ಗೆ ಕಣೇ. ಬಾಯೆಲ್ಲಾ ಹುಣ್ಣು. ಸೂಪು ಕುಡಿಯೋಕೂ ಕಣ್ಣಲ್ಲಿ ನೀರು ಹಾಕ್ತಾನೆ. ಮದುವೆಯಾದ ನಲವತ್ತು ವರ್ಷದಲ್ಲಿ ಮೊದಲನೇ ಸಲ ಮನೇಲಿ ನನ್ನ ಮಾತೊಂದೇ ಕೇಳಿಸ್ತಿದೆ, ಅದೊಂದು ಸುಖ!"

ಅವಳು ನಕ್ಕಳು, ನಾನೂ ನಕ್ಕೆ. ಬಿಲ್ಲು ಮಾಡಲು ಕೈ ಚಾಚಿದವಳು ಅಲ್ಲೇ ನಿಂತೆ. ಯಾಕೆ ನಿಂತೆನೋ ಗೊತ್ತಿಲ್ಲ. ಮೂವತ್ತನಾಲ್ಕು ವರ್ಷ ಔಷಧಿ ಕೊಟ್ಟ ಕೈ, ತಲೆಗಿಂತ ಮೊದಲು ಅದಕ್ಕೇ ಏನೋ ಹೊಳೆಯಿತು.

"ಹೊಸದಾಗಿ ಏನಾದ್ರೂ ಮಾತ್ರೆ ತಗೋತಿದಾನಾ?"

"ನೀನೇ ಕೊಟ್ಟಿದ್ದಲ್ವೇನೇ, ಕೀಲುನೋವಿಗೆ? ಆ ಪುಟ್ಟ ಹಳದಿ ಮಾತ್ರೆ. ನೋವು ಎಷ್ಟೋ ವಾಸಿ ಅಂತಾನೆ. ಆದ್ರೆ ಸುಸ್ತು, ಮಾರಾಯ್ತಿ. ನಿನ್ನೆ ಮೂಗಲ್ಲಿ ರಕ್ತಾನೂ ಬಂತು. ಚಳಿಗೆ ಅಂದ."

ನಾನು ಟ್ಯೂಬುಗಳನ್ನು ಪಕ್ಕಕ್ಕೆ ಸರಿಸಿದೆ.

ಆ ಮಾತ್ರೆಯ ಹೆಸರು ಮೆಥೊಟ್ರೆಕ್ಸೇಟ್. ಕೀಲುವಾತಕ್ಕೆ ವಾರಕ್ಕೆ ಒಂದೇ ದಿನ ಕೊಡುವ ಔಷಧಿ. ವಾರಕ್ಕೊಮ್ಮೆಯಾದರೆ ಸಂಜೀವಿನಿ, ದಿನಾ ನುಂಗಿದರೆ ವಿಷ. ಮೊದಲು ಬಾಯಿ ಹುಣ್ಣಾಗುತ್ತದೆ, ಆಮೇಲೆ ಮೂಳೆಯೊಳಗೆ ರಕ್ತ ಹುಟ್ಟುವುದೇ ನಿಲ್ಲುತ್ತದೆ. ಇದು ನನಗೆ ಗೊತ್ತಿಲ್ಲವೇ? ಕಾಲೇಜಿನ ಮೊದಲ ವರ್ಷದಲ್ಲೇ ತಲೆಗೆ ಕುಟ್ಟಿ ಕುಟ್ಟಿ ಹೇಳಿಕೊಟ್ಟ ಪಾಠ.

ಸ್ಕ್ರೀನಿನಲ್ಲಿ ವೆಂಡೆಲನ ಹೆಸರು ತೆಗೆದೆ. ಹೋದ ವಾರದ ಗುರುವಾರ. ಕಳಿಸಿದವರು ಡಾಕ್ಟರ್ ಹೋಬರ್ಟ್. ನಾಲ್ಕು ಮಾತ್ರೆ, ದಿನಕ್ಕೊಮ್ಮೆ, ಊಟದ ಜೊತೆ. ಒಟ್ಟು ನಲವತ್ತೆಂಟು. ಪಕ್ಕದಲ್ಲಿ ಹಸಿರು ಟಿಕ್ಕು: ಸರಿಯಾಗಿ ತಲುಪಿದೆ. ಸರಿಯಾಗಿ ತಲುಪಿದೆಯಂತೆ!

ಪುಟವನ್ನು ಕೆಳಗೆ ಸರಿಸಿದೆ. ಇನ್ನೂ ಕೆಳಗೆ. ವಿಮೆಯ ನಂಬರು, ವಿಳಾಸ, ಅಲರ್ಜಿ ಎಲ್ಲ ಮುಗಿದ ಮೇಲೆ, ತಳದಲ್ಲಿ ಬೂದು ಬಣ್ಣದ ಸಣ್ಣ ಚೌಕವೊಂದಿತ್ತು. ಔಷಧಿ ಅಂಗಡಿಯವರಿಗೆ ಸೂಚನೆ. ಅದರಲ್ಲಿ ಬರೆದಿತ್ತು: ಭಾನುವಾರ ಮಾತ್ರ.

ಗುರುವಾರ ನಾನು ಅಲ್ಲಿಯವರೆಗೆ ಸರಿಸಿರಲಿಲ್ಲ.

ನೆಪ ಬೇಕಾದರೆ ಬೇಕಾದಷ್ಟಿವೆ. ಜ್ವರದ ಕಾಲ, ಆ ದಿನ ಇನ್ನೂರು ಚೀಟಿ ಬಂದಿದ್ದವು. ಕೆಂಪು ಎಚ್ಚರಿಕೆಯೂ ಬಂದಿತ್ತು, ನಿಜ. ಆದರೆ ಈ ಯಂತ್ರ ಕೆಮ್ಮಿನ ಸಿರಪ್ಪಿಗೂ ಕೆಂಪು ಎಚ್ಚರಿಕೆ ಕೊಡುತ್ತದೆ; ದಿನಕ್ಕೆ ನಲವತ್ತು ಸಲ ಒತ್ತಿ ಒತ್ತಿ ಬೆರಳು ತಾನಾಗಿಯೇ ಒತ್ತುತ್ತದೆ. ನಲವತ್ತೆಂಟು ಮಾತ್ರೆ ಎಂಬುದನ್ನೂ ನೋಡಿದ್ದೆ. ಹನ್ನೆರಡು ದಿನಕ್ಕೆ ಕೊಟ್ಟಿದ್ದಾರೆ, ಒಗ್ಗುತ್ತದೋ ಇಲ್ಲವೋ ನೋಡಲಿಕ್ಕಿರಬೇಕು ಅಂದುಕೊಂಡೆ. ಹನ್ನೆರಡು ವಾರ ಎಂದು ಹೊಳೆಯಲೇ ಇಲ್ಲ, ದರಿದ್ರ ತಲೆಗೆ.

ಕಾಗದದ ಕಾಲದಲ್ಲಿ ಹೀಗಾಗುತ್ತಿರಲಿಲ್ಲ ಎಂದು ನಾನು ಹೇಳುವುದಿಲ್ಲ. ಆಗ ಕಳ್ಳ ಚೀಟಿಗಳ ಕಾಟ. ಡಾಕ್ಟರ ಪ್ಯಾಡು ಕದ್ದು ನೋವಿನ ಮಾತ್ರೆ ಬರೆದುಕೊಂಡು ಈ ಊರಿನ ಮೂವರು ಮಕ್ಕಳು ಮಣ್ಣಾದರು. ಅದಕ್ಕೇ ನಮ್ಮ ನ್ಯೂಯಾರ್ಕ್ ರಾಜ್ಯದವರು ಹೋದ ವರ್ಷದ ಮಾರ್ಚಿನಿಂದ ಕಾನೂನು ತಂದರು, ಡಾಕ್ಟರು ಚೀಟಿಯನ್ನು ಕಂಪ್ಯೂಟರಿನಲ್ಲೇ ಕಳಿಸಬೇಕು ಎಂದು. ತಂದದ್ದು ಒಳ್ಳೆಯದೇ. ಆದರೆ ಮುದುಕ ಡಾಕ್ಟರ್ ಫಿಸ್ಕ್ ಇದ್ದರಲ್ಲ, ಅವರ ಅಕ್ಷರ ಕೋಳಿ ಕೆದರಿದ ಹಾಗೆ. ಅರ್ಥವಾಗದೆ ದಿನಕ್ಕೆ ಮೂರು ಸಲ ಫೋನ್ ಮಾಡುತ್ತಿದ್ದೆ, ಅವರು ಬಯ್ಯುತ್ತಿದ್ದರು, ನಾನೂ ತಿರುಗಿ ಬಯ್ಯುತ್ತಿದ್ದೆ. ಆ ಬೈಗುಳದಲ್ಲಿ ಎಷ್ಟು ಜನ ಬದುಕಿದರೋ ಏನೋ. ಸ್ಕ್ರೀನಿನ ಅಕ್ಷರ ಮುತ್ತಿನಂಥದ್ದು. ತಪ್ಪನ್ನೂ ಮುತ್ತಿನ ಹಾಗೇ ಬರೆಯುತ್ತದೆ.

"ಏನಾಯ್ತೇ ಜರ್ಮೇನ್? ಮುಖ ಯಾಕೆ ಹಂಗಾಯ್ತು?" ಅರ್ಲೀನಳ ನಗು ನಿಂತಿತ್ತು.

"ವೆಂಡೆಲ್ ಎಲ್ಲಿ?"

"ಇನ್ನೆಲ್ಲಿ, ಸರೋವರದ ಮೇಲೆ. ಇವತ್ತು ಮೀನಿನ ಸ್ಪರ್ಧೆ ಅಲ್ವಾ. ಮೊನ್ನೆಯಿಂದ ಮಂಜುಗಡ್ಡೆ ಮೇಲೇ ಮಲಗ್ತಿದಾನೆ, ಆ ತನ್ನ ಮೀನು ಹಿಡಿಯೋ ಶೆಡ್ಡಲ್ಲಿ. ಬಾಯಿ ನೋಡೋಕೆ ಅಂತ ನಿನ್ನೆ ಸೂಪು ತಗೊಂಡು ಹೋಗಿದ್ದೆ."

"ಫೋನು?"

"ಅಲ್ಲಿ ಫೋನ್ ಹತ್ತಿದ್ರೆ ಅವನು ಅಲ್ಲಿಗೆ ಯಾಕೆ ಹೋಗ್ತಿದ್ದ?"

"ಮಾತ್ರೆ ಎಷ್ಟು ಹೊತ್ತಿಗೆ ತಗೋತಾನೆ?"

"ಹನ್ನೆರಡಕ್ಕೆ. ಊಟದ ಜೊತೆ ಅಂತ ನೀನೇ ಬರೆದಿದ್ದೀಯಲ್ಲ. ಗಡಿಯಾರ ಇಟ್ಟ ಹಂಗೆ ತಗೋತಾನೆ. ಯಾಕೇ?"

ಮರುದಿನ ಶುಕ್ರವಾರದಿಂದ ಎಂಟು ದಿನ, ಎಂಟು ಸಲ. ಎರಡು ತಿಂಗಳಲ್ಲಿ ನುಂಗಬೇಕಾದ್ದನ್ನು ಎಂಟು ದಿನದಲ್ಲಿ ನುಂಗಿದ್ದ. ಇವತ್ತು ಹನ್ನೆರಡಕ್ಕೆ ಒಂಬತ್ತನೆಯದು.

"ಆ ಮಾತ್ರೆ ಅವನಿಗೆ ಆಗ್ತಿಲ್ಲ. ಈಗಲೇ ನಿಲ್ಲಿಸ್ಬೇಕು, ಈಗಲೇ ಆಸ್ಪತ್ರೆಗೆ ಸೇರಿಸ್ಬೇಕು. ನಡಿ," ಎಂದೆ. ಸುಳ್ಳಲ್ಲ. ಸತ್ಯವೂ ಅಲ್ಲ.

ಆಂಬುಲೆನ್ಸಿಗೆ ಫೋನ್ ಮಾಡಿದೆ. ಸ್ಪರ್ಧೆಯ ದಿನವಾದ್ದರಿಂದ ಅದು ಆಗಲೇ ದಡದಲ್ಲಿ ನಿಂತಿದೆ, ಆದರೆ ಮಂಜುಗಡ್ಡೆಯ ಮೇಲೆ ಇಳಿಯುವುದಿಲ್ಲ ಎಂದರು. ಡಾಕ್ಟರ್ ಹೋಬರ್ಟ್‌ಗೆ ಕ್ಲಿನಿಕ್ಕಿನಲ್ಲಿ ಸುದ್ದಿ ಬಿಟ್ಟೆ. ಅಂಗಡಿಯಲ್ಲಿ ನಾಲ್ಕು ಜನ ಕಾಯುತ್ತಿದ್ದರು. ಔಷಧಿ ಕೊಡುವವಳು ಇಲ್ಲದೆ ಬಾಗಿಲು ತೆರೆದಿಡುವಂತಿಲ್ಲ.

"ಎಲ್ಲರೂ ಹೊರಗೆ ನಡೀರಿ. ಮುಚ್ಚಿದೆ."

"ಏನ್ ಜರ್ಮೇನ್, ನೀನೂ ಮೀನು ಹಿಡಿಯೋಕೆ ಹೊರಟ್ಯಾ?" ಎಂದ ಒಬ್ಬ.

"ಹೂಂ, ನಿನ್ನನ್ನೇ ಗಾಳಕ್ಕೆ ಸಿಕ್ಕಿಸ್ತೀನಿ, ನಡಿ ಆಚೆ," ಎಂದು ದೀಪ ಆರಿಸಿದೆ.

ಅರ್ಲೀನಳ ಟ್ರಕ್ಕು ಹತ್ತಿದಾಗ ಹನ್ನೊಂದೂಐದು. ದಡಕ್ಕೆ ಇಪ್ಪತ್ತೈದು ನಿಮಿಷದ ದಾರಿ. ಅವಳು ಓಡಿಸುತ್ತಿದ್ದಳು, ನಾನು ಪಕ್ಕದಲ್ಲಿ ಸೀಟಿನಂಚು ಹಿಡಿದು ಕೂತಿದ್ದೆ. ಅರ್ಧ ದಾರಿಯಲ್ಲಿ ನನ್ನ ಫೋನ್ ಬಡಿದುಕೊಂಡಿತು. ಡಾಕ್ಟರ್ ಹೋಬರ್ಟ್. ಮೂವತ್ತೆರಡರ ಹುಡುಗಿ, ಫಿಸ್ಕ್ ಕಂಪ್ಯೂಟರಿಗೆ ಹೆದರಿ ನಿವೃತ್ತರಾದ ಮೇಲೆ ಬಂದವಳು. ಕೆಟ್ಟವಳಲ್ಲ.

"ದಿನಾ ತಗೊಂಡಿದಾರಾ? ಹೇಗೆ ಸಾಧ್ಯ? ನಾನು ಭಾನುವಾರ ಅಂತ ಬರೆದಿದ್ದೆ! ಅವರಿಗೆ ಬಾಯಲ್ಲೂ ಹೇಳಿದ್ದೆ!"

"ಬರೆದಿದ್ರಿ ಡಾಕ್ಟ್ರೇ. ತಳದಲ್ಲಿ. ಮೇಲೆ ದಿನಕ್ಕೊಮ್ಮೆ ಅಂತಿದೆ."

ಆ ಕಡೆ ಕೀಲಿಮಣೆಯ ಸದ್ದು. ಆಮೇಲೆ ಅವಳ ದನಿ ಸಣ್ಣದಾಗಿ ಬಂತು. "ಈ ಕಂಪ್ಯೂಟರು ತಾನಾಗೇ ದಿನಕ್ಕೊಮ್ಮೆ ಅಂತ ತಗೊಳ್ಳುತ್ತೆ. ಬದಲಾಯಿಸಿದ್ದೆ ಅಂದ್ಕೊಂಡೆ... ಅಯ್ಯೋ ದೇವರೇ."

"ಅಳೋದು ಆಮೇಲೆ. ಆಸ್ಪತ್ರೆಗೆ ಹೇಳಿ, ಪ್ರತಿವಿಷ ತಯಾರಾಗಿರಲಿ. ಕರ್ಕೊಂಡು ಬರ್ತೀವಿ."

"ಏನಂತೆ? ಯಾವುದು ದಿನಾ?" ಅರ್ಲೀನ್ ರಸ್ತೆ ಬಿಟ್ಟು ನನ್ನನ್ನೇ ನೋಡುತ್ತಿದ್ದಳು.

"ರಸ್ತೆ ನೋಡೇ. ಮೊದಲು ಅವನನ್ನ ಹುಡುಕೋಣ."

"ಏನೋ ಮುಚ್ಚಿಡ್ತಿದೀಯಾ."

ಮುಚ್ಚಿಡುತ್ತಿದ್ದೆ. ಬಾಯಿಬಿಟ್ಟರೆ ಅವಳು ಟ್ರಕ್ಕನ್ನು ಮರಕ್ಕೆ ಗುದ್ದಿಯಾಳು ಎಂಬ ಭಯ ಒಂದು ಕಡೆ. ಇನ್ನೊಂದು ಕಡೆಯ ಭಯ ಅಷ್ಟು ಒಳ್ಳೆಯದಲ್ಲ. ತಪ್ಪು ಡಾಕ್ಟರದು, ಸ್ಕ್ರೀನೇ ಸಾಕ್ಷಿ. ಬಾಟಲಿಯ ಮೇಲೆ ಅಚ್ಚಾಗುವುದು ಮೇಲಿನ ಸಾಲು ಮಾತ್ರ, ತಳದ ಚೌಕವನ್ನು ಯಾರು ನೋಡುತ್ತಾರೆ ಎಂದು ನನ್ನ ಮನಸ್ಸು ಆಗಲೇ ವಕೀಲಿ ಶುರುಮಾಡಿತ್ತು. ನಾಚಿಕೆಯಾಯಿತು, ಆದರೂ ಬಾಯಿ ಬಿಡಲಿಲ್ಲ.

ದಡದಲ್ಲಿ ಬಿಸಿಲು ಬಂದು ಮೇಲಿನ ಮಂಜು ಕರಗಿ ನೀರಾಗಿತ್ತು. ಕಾರು, ಟ್ರಕ್ಕುಗಳನ್ನು ಬೆಳಿಗ್ಗೆಯಿಂದ ಇಳಿಯಬಿಟ್ಟಿರಲಿಲ್ಲ. ಒಂದೂವರೆ ಮೈಲಿಯಾಚೆ ಬಿಳಿ ಬಯಲಿನಲ್ಲಿ ನೂರಾರು ಶೆಡ್ಡುಗಳು ಚುಕ್ಕಿಗಳಾಗಿ ಕಾಣುತ್ತಿದ್ದವು. ಮೀನು ತೂಗುವ ಡೇರೆಯಲ್ಲಿ ಸ್ಪರ್ಧೆ ನಡೆಸುವ ರೋಯ್ಸ್ ಮೈಕು ಹಿಡಿದು ಕೂತಿದ್ದ. ಹನ್ನೊಂದೂವರೆ.

"ವೆಂಡೆಲ್‌ಗೆ ಏನೂ ನುಂಗಬೇಡ ಅಂತ ಕೂಗೋ ರೋಯ್ಸ್. ಮಾತ್ರೆ ಅನ್ನಬೇಡ, ಕಾಯಿಲೆ ಅನ್ನಬೇಡ, ನಾನು ಯಾರ ಔಷಧಿ ವಿಷಯಾನೂ ಊರಿಗೆ ಸಾರೋ ಹಂಗಿಲ್ಲ. ನುಂಗಬೇಡ ಅಂತ ಮಾತ್ರ ಅನ್ನು."

ರೋಯ್ಸ್ ಮೈಕಿಗೆ ಬಾಯಿಟ್ಟ. "ವೆಂಡೆಲ್ ರ್ಯಾಬಿಡೋ! ಮೆಡಿಕಲ್ ಶಾಪಿನ ಜರ್ಮೇನ್ ಬಂದಿದಾಳೆ! ಏನೂ ನುಂಗಬೇಡ ಅಂತಾಳೆ!"

ಡೇರೆಯಲ್ಲಿದ್ದವರೆಲ್ಲ ಗೊಳ್ಳೆಂದರು. "ಹೆಂಡ್ತಿ ಪಥ್ಯ ಸಾಲ್ದು ಅಂತ ಇವಳದೂ ಶುರುವಾಯ್ತಾ!" "ಬಿಯರ್ ಲೆಕ್ಕಕ್ಕಿಲ್ಲ ತಾನೇ ಜರ್ಮೇನ್?"

"ಬಾಯಿ ಮುಚ್ಚ್ರೋ!" ಎಂದು ಕಿರುಚಿದೆ. ನನ್ನ ದನಿ ನನಗೇ ಅಪರಿಚಿತವಾಗಿತ್ತು. ನಗು ನಿಂತಿತು. ಗಾಳಿ ಸರೋವರದ ಕಡೆಯಿಂದ ನಮ್ಮ ಮುಖಕ್ಕೇ ಬೀಸುತ್ತಿತ್ತು; ಆ ಕೂಗು ಅಲ್ಲಿಯವರೆಗೆ ಹೋಗುವ ಮಾತೇ ಇರಲಿಲ್ಲ. ರೋಯ್ಸ್‌ಗೂ ಅರ್ಥವಾಯಿತು. ಅವನು ಮೈಕು ಪಕ್ಕದವನ ಕೈಗಿಟ್ಟು ಹಿಮದ ಮೇಲೆ ಓಡುವ ತನ್ನ ಹಗುರ ಸ್ನೋಮೊಬೈಲ್ ಶುರು ಮಾಡಿದ. ಹಿಂದೆ ಮೀನು ಎಳೆಯುವ ಜಾರುಬಂಡಿ. ಅರ್ಲೀನ್ ಅವನ ಬೆನ್ನಿಗೆ ಅಂಟಿ ಕೂತಳು. ಅರವತ್ತೊಂದರ ನಾನು, ಸವೆದ ಸೊಂಟದವಳು, ಮೀನಿನ ವಾಸನೆಯ ಬಂಡಿಯಲ್ಲಿ ಮೂಟೆಯ ಹಾಗೆ ಬಿದ್ದುಕೊಂಡೆ.

ನಡುದಾರಿಯಲ್ಲಿ ಮಂಜುಗಡ್ಡೆ ಅಡ್ಡಲಾಗಿ ಸೀಳಿತ್ತು. ರೋಯ್ಸ್ ಇಳಿದು ಸಲಾಕೆಯಿಂದ ಕುಟ್ಟಿ ನೋಡಿದ, ತಲೆಯಾಡಿಸಿದ, ಬಳಸಿಕೊಂಡು ಹೊರಟ. ಅರ್ಧ ಮೈಲಿ ಹೆಚ್ಚಾಯಿತು. ಹನ್ನೊಂದೂ ಐವತ್ತು. ನೀರು ಎರಚಿ ನನ್ನ ಮೈಯೆಲ್ಲ ಒದ್ದೆ. ನಾನು ಚರ್ಚಿಗೆ ಹೋಗಿ ಎಷ್ಟೋ ವರ್ಷ, ಆದರೂ ಅಜ್ಜಿ ಕಲಿಸಿದ ಫ್ರೆಂಚ್ ಪ್ರಾರ್ಥನೆ ತಾನಾಗಿ ಬಾಯಿಗೆ ಬಂತು. ಮಧ್ಯದಲ್ಲಿ ಸಾಲು ಮರೆತು ಮತ್ತೆ ಮೊದಲಿನಿಂದ ಶುರು ಮಾಡಿದೆ.

ಶೆಡ್ಡಿನ ಮೇಲೆ ಯಜಮಾನನ ಹೆಸರು, ವಿಳಾಸ ದಪ್ಪಗೆ ಬರೆಸಬೇಕೆಂಬುದು ಇಲ್ಲಿಯ ಕಾನೂನು. ದೇವರು ದೊಡ್ಡವನು. ಹಳದಿ ಶೆಡ್ಡು, ಕಪ್ಪು ಅಕ್ಷರ: ವೆಂಡೆಲ್ ರ್ಯಾಬಿಡೋ. ಮೂವತ್ತು ವರ್ಷ ಕೌಂಟಿಯ ರಸ್ತೆಗಳಲ್ಲಿ ಹಿಮ ತಳ್ಳುವ ಹಳದಿ ಟ್ರಕ್ಕು ಓಡಿಸಿದವನು, ಅದೇ ಬಣ್ಣ ಹೊಡೆದಿದ್ದ. ಬಾಗಿಲು ತೆರೆದೇ ಇತ್ತು. ಒಳಗೆ ಯಾರೂ ಇಲ್ಲ.

ಒಲೆಯ ಮೇಲೆ ಸೂಪು ಕುದಿಯುತ್ತಿತ್ತು. ಪಕ್ಕದ ಹಲಗೆಯ ಮೇಲೆ ನನ್ನ ಅಂಗಡಿಯ ಕಿತ್ತಳೆ ಬಾಟಲಿ, ಮುಚ್ಚಳ ತೆಗೆದಿತ್ತು. ಹನ್ನೆರಡೂ ನಾಲ್ಕು.

ಅರ್ಲೀನ್ ಹೊರಗೆ ನಿಂತು ಅವನ ಹೆಸರು ಕೂಗುತ್ತಿದ್ದಳು. ನಾನು ಬಾಟಲಿಯನ್ನು ಅಂಗೈಗೆ ಸುರಿದು ಎಣಿಸಿದೆ. ಎರಡು ಸಲ ಲೆಕ್ಕ ತಪ್ಪಿತು. ಹನ್ನೆರಡು. ಹದಿನಾರು ಇರಬೇಕಿತ್ತು. ನುಂಗಿಬಿಟ್ಟ, ತಡವಾಯಿತು ಎಂದುಕೊಳ್ಳುವಷ್ಟರಲ್ಲಿ ಸೂಪಿನ ಬಟ್ಟಲಿನ ಪಕ್ಕದ ಚಮಚ ಕಣ್ಣಿಗೆ ಬಿತ್ತು. ಅದರಲ್ಲಿ ನಾಲ್ಕು ಹಳದಿ ಮಾತ್ರೆಗಳು, ಸಾಲಾಗಿ.

ಅಷ್ಟರಲ್ಲಿ ವೆಂಡೆಲ್ ಬಂದ. ಐವತ್ತು ಹೆಜ್ಜೆ ಆಚೆ ಮಂಜುಗಡ್ಡೆಯಲ್ಲಿ ಕೊರೆದ ತೂತಿನಿಂದ, ತೋಳುದ್ದದ ಮೀನನ್ನು ಎಳೆದುಕೊಂಡು, ಕುಡಿದವನ ಹಾಗೆ ತೂರಾಡುತ್ತಾ. ಮುಖ ಸುಣ್ಣ ಬಳಿದಂತಿತ್ತು. ಕೈಗವಸಿನ ಮೇಲೆ ರಕ್ತ. ಮೀನಿನದಲ್ಲ, ಅವನ ಮೂಗಿನದು.

"ಬಾವುಟ ಎದ್ದುಬಿಡ್ತು ಕಣೇ," ಎಂದ ಹುಣ್ಣಾದ ಬಾಯಿ ತೆರೆಯಲಾರದೆ. ಗಾಳಕ್ಕೆ ಮೀನು ಕಚ್ಚಿದರೆ ತೂತಿನ ಮೇಲೆ ಪುಟ್ಟ ಬಾವುಟ ಏಳುತ್ತದೆ. "ಮಾತ್ರೆ ಬಾಯಿಗಿಡೋದ್ರಲ್ಲಿದ್ದೆ, ಎದ್ದುಬಿಡ್ತು. ನೋಡು ಹೆಂಗಿದೆ! ಅಲ್ಲ, ನೀವಿಬ್ರೂ ಇಲ್ಲಿ...?"

ನಾನು ಚಮಚವನ್ನು ಒಲೆಯೊಳಕ್ಕೆ ಎಸೆದೆ. ಮಾತ್ರೆ, ಚಮಚ ಎಲ್ಲ.

"ಏಯ್! ಅದು ನನ್ನ ಇವತ್ತಿನದು!"

"ಅದು ದಿನಾ ತಗೊಳ್ಳೋದಲ್ಲ ವೆಂಡೆಲ್. ವಾರಕ್ಕೊಂದ್ಸಲ."

ಅವನು ಪೆಟ್ಟಿಗೆಯ ಮೇಲೆ ಕೂತ. ಆಶ್ಚರ್ಯಪಡಲಿಲ್ಲ. ಅದೇ ನನ್ನನ್ನು ಕೊಂದದ್ದು.

"ಡಾಕ್ಟ್ರಮ್ಮ ಹಂಗೇ ಅಂದಂಗಿತ್ತು," ಎಂದ ನಿಧಾನವಾಗಿ. "ಭಾನುವಾರ ಅಂದಂಗಿತ್ತು. ಮನೆಗೆ ಬಂದು ಬಾಟ್ಲಿ ನೋಡ್ತೀನಿ, ದಿನಾ ಅಂತಿದೆ. ನಿನ್ನ ಬೋರ್ಡು ನೆನಪಾಯ್ತು. ಊರಿಗೆಲ್ಲಾ ಮಗ್ಗಿ ಥರ ಬಾಯಿಪಾಠ ಅಲ್ವೇನೇ ಅದು? ನನ್ನ ಕಿವಿಗಿಂತ ಜರ್ಮೇನ್ ಬರೆದದ್ದೇ ಸರಿ ಅಂತ ತಗೊಂಡೆ. ಒಂದು ದಿನಾನೂ ತಪ್ಪಿಸಿಲ್ಲ ನೋಡು."

ನನ್ನ ಬೋರ್ಡು. ಕೌಂಟರಿನ ಮೇಲೆ ಇಪ್ಪತ್ತು ವರ್ಷದಿಂದ ತೂಗುತ್ತಿತ್ತು, ನಾನೇ ಹೇಳಿ ಬರೆಸಿದ್ದು: ಡಾಕ್ಟರು ಹೇಳಿದ್ದು ಮರೆಯುತ್ತೀರಿ, ಬಾಟಲಿಯ ಮೇಲೆ ಬರೆದದ್ದನ್ನು ಪಾಲಿಸಿ. ಮಾತ್ರೆ ಕೊಡುವಾಗಲೆಲ್ಲ ಅದನ್ನೇ ಬಾಯಲ್ಲೂ ಹೇಳಿ ಕಳಿಸುತ್ತಿದ್ದೆ. ಹೆಮ್ಮೆ ನನಗೆ, ಊರನ್ನು ತಿದ್ದಿದೆನೆಂದು. ಆ ಗುರುವಾರ ವೆಂಡೆಲ್ ಕೌಂಟರಿನ ಮುಂದೆ ಕಿವಿ ಕೆರೆದುಕೊಳ್ಳುತ್ತಾ ನಿಂತದ್ದು ಈಗ ನೆನಪಾಯಿತು. ಏನೋ ಕೇಳಲು ಬಾಯಿ ತೆರೆದಿದ್ದ. ನಾನು ಹೆಗಲಲ್ಲಿ ಫೋನ್ ಸಿಕ್ಕಿಸಿಕೊಂಡು, ಬೆರಳಿನಿಂದ ಬೋರ್ಡು ತೋರಿಸಿದ್ದೆ. ಅವನು ನಕ್ಕು, ಔಷಧಿಯ ಬಗ್ಗೆ ಪ್ರಶ್ನೆ ಏನೂ ಇಲ್ಲ ಎಂಬಲ್ಲಿ ಸಹಿ ಹಾಕಿ ಹೋಗಿದ್ದ.

"ಡಾಕ್ಟ್ರು ಭಾನುವಾರ ಅಂದಿದ್ರಾ? ನನಗ್ಯಾಕೋ ಹೇಳ್ಲಿಲ್ಲ ಪಾಪಿ?" ಅರ್ಲೀನ್ ಅವನ ಭುಜ ಹಿಡಿದು ಅಲುಗಿಸಿದಳು.

"ಬಿಡೇ. ನನ್ನದೇ ತಪ್ಪು. ಟ್ರಕ್ಕಿನ ಸದ್ದಿಗೆ ಕಿವಿ ಹೋಗಿದೆ, ಸರಿಯಾಗಿ ಕೇಳಿಸ್ಕೊಳ್ಳಲಿಲ್ಲ. ಜರ್ಮೇನ್ ಏನ್ ಮಾಡ್ತಾಳೆ ಪಾಪ."

ಪಾಪ ಎಂದ. ನನಗೆ! ರೋಯ್ಸ್ ಬಾಗಿಲಲ್ಲಿ ನಿಂತಿದ್ದ. ಅರ್ಲೀನ್ ಗಂಡನನ್ನೇ ಬಯ್ಯಲು ತಯಾರಾಗಿದ್ದಳು. ನಾನು ತಲೆಯಾಡಿಸಿದ್ದರೆ ಸಾಕಿತ್ತು, ಊರಿಗೆ ಊರೇ ಕಿವುಡ ವೆಂಡೆಲನ ತಪ್ಪೆಂದು ಒಪ್ಪುತ್ತಿತ್ತು. ಅಂಗಡಿ, ಲೈಸೆನ್ಸು, ಮೂವತ್ತನಾಲ್ಕು ವರ್ಷದ ಹೆಸರು, ಎಲ್ಲ ಉಳಿಯುತ್ತಿತ್ತು.

"ನಿನ್ನ ಕಿವಿ ಸರಿಯಾಗೇ ಕೇಳಿಸಿಕೊಂಡಿದೆ ಕಣೋ," ಎಂದೆ. "ತಪ್ಪು ನನ್ನದು. ಭಾನುವಾರ ಅಂತ ಸ್ಕ್ರೀನಲ್ಲೂ ಇತ್ತು. ನಾನು ಕೆಳಗಿನ ತನಕ ನೋಡ್ಲಿಲ್ಲ. ನೀನು ಕೇಳೋಕೆ ಬಂದೆ, ನಾನು ಕೇಳಿಸ್ಕೊಳ್ಳಲಿಲ್ಲ."

ಅರ್ಲೀನ್ ನನ್ನ ಕೆನ್ನೆಗೆ ಹೊಡೆದಳು. ಒದ್ದೆ ಕೈಗವಸಿನಿಂದ, ಪೂರ್ತಿ ತೋಳು ಬೀಸಿ. ನನ್ನ ಕನ್ನಡಕ ಸೂಪಿಗೆ ಬಿತ್ತು. ಆಮೇಲೆ ಇಬ್ಬರೂ ಸೇರಿ ಅವನನ್ನು ಎತ್ತಿ ಬಂಡಿಯಲ್ಲಿ ಮಲಗಿಸಿದೆವು. "ನನ್ನ ಮೀನು," ಎಂದ. ರೋಯ್ಸ್ ಅದನ್ನೂ ಅವನ ಪಕ್ಕದಲ್ಲಿಟ್ಟ. ದಾರಿಯುದ್ದಕ್ಕೂ ನಾನು ಅವನ ತಲೆ ತೊಡೆಯ ಮೇಲಿಟ್ಟುಕೊಂಡು ಮೂಗಿನ ರಕ್ತ ಒರೆಸುತ್ತಾ ಕೂತಿದ್ದೆ. ಅರ್ಲೀನ್ ಒಂದು ಸಲವೂ ಹಿಂತಿರುಗಿ ನೋಡಲಿಲ್ಲ.

ಹತ್ತೊಂಬತ್ತು ದಿನ ಅವನು ಆಸ್ಪತ್ರೆಯಲ್ಲಿದ್ದ. ಐದು ಸಲ ರಕ್ತ ಕೊಟ್ಟರು. ಆರನೆಯ ದಿನ ಜ್ವರ ಏರಿ ಪಾದ್ರಿಯನ್ನೂ ಕರೆಸಿದರು. ನಾನು ಕಾರಿಡಾರಿನಲ್ಲಿ ಕೂತಿದ್ದೆ, ಡಾಕ್ಟರ್ ಹೋಬರ್ಟ್ ಬಂದು ಪಕ್ಕದಲ್ಲಿ ಕೂತಳು. ಇಬ್ಬರೂ ಯಂತ್ರದ ಕಾಫಿ ಕುಡಿದೆವು. ಏಳನೆಯ ದಿನ ಜ್ವರ ಇಳಿಯಿತು.

ರಾಜ್ಯದ ಔಷಧಿ ಮಂಡಳಿಗೆ ನನ್ನ ತಪ್ಪನ್ನು ನಾನೇ ಬರೆದು ತಿಳಿಸಿದೆ. ವಿಚಾರಣೆಗೆ ಬಂದವನು ಒಳ್ಳೆಯ ಮನುಷ್ಯ. ಕಾಗದಪತ್ರ ಎಲ್ಲ ನೋಡಿ, "ಚೀಟಿ ತಲುಪುವುದರಲ್ಲಿ ದೋಷವಿಲ್ಲ" ಎಂದು ಬರೆದ. ನನಗೆ ಎಚ್ಚರಿಕೆಯ ಪತ್ರ ಬಂತು. ಲೈಸೆನ್ಸು ಉಳಿಯಿತು. ಬೋರ್ಡನ್ನು ನಾನೇ ಏಣಿ ಹತ್ತಿ ಇಳಿಸಿದೆ.

ಏಪ್ರಿಲ್ ಕೊನೆಯಲ್ಲಿ, ಸರೋವರ ನೀರಾದ ಮೇಲೆ, ಒಂದು ಸೋಮವಾರ ಇಬ್ಬರೂ ಬಂದರು. ವೆಂಡೆಲನ ಕೂದಲು ಅರ್ಧ ಉದುರಿತ್ತು, ಕೋಟು ಎರಡು ಸೈಜು ದೊಡ್ಡದಾಗಿತ್ತು. ಬಾಯಿ ಮಾತ್ರ ವಾಸಿಯಾಗಿತ್ತು, ಬಾಗಿಲಿನಿಂದಲೇ ಶುರು ಮಾಡಿದ.

"ಬೋರ್ಡು ಎಲ್ಲೇ? ಮಾರ್ಕೊಂಡ್ಯಾ?"

ಅರ್ಲೀನ್ ನನ್ನ ಮುಖ ನೋಡದೆ ಮುಲಾಮಿನ ಕಪಾಟು ನೋಡುತ್ತಾ ನಿಂತಳು. ಬೇರೆ ಊರಿನ ಅಂಗಡಿಗೆ ಹೋಗಬಹುದಿತ್ತು. ಬಂದಳಲ್ಲ, ಅಷ್ಟು ಸಾಕು.

ಹೊಸ ಕೀಲುನೋವಿನ ಮಾತ್ರೆ, ಬೆಳಿಗ್ಗೆ ಬಂದ ಚೀಟಿ. ತಳದವರೆಗೆ ಮೂರು ಸಲ ಓದಿದ್ದೆ, ತಪ್ಪೇನೂ ಕಂಡಿರಲಿಲ್ಲ. ಬಾಟಲಿ ಅವನ ಮುಂದಿಟ್ಟು, ಬರಹವನ್ನು ಅಂಗೈಯಿಂದ ಮುಚ್ಚಿದೆ. ಈಗ ಎಲ್ಲರಿಗೂ ಹೀಗೇ ಮಾಡುತ್ತೇನೆ, ಬಯ್ದುಕೊಳ್ಳಲಿ.

"ಮೊದಲು ನೀನು ಹೇಳು. ಇದನ್ನ ಹೆಂಗೆ ತಗೋಬೇಕು ಅಂತ ಡಾಕ್ಟ್ರು ಹೇಳಿದ್ರು?"

ವೆಂಡೆಲ್ ಕಿವಿ ಕೆರೆದುಕೊಂಡ. ಆಮೇಲೆ ಮಗುವಿನ ಹಾಗೆ ನಕ್ಕ.

"ಡಾಕ್ಟ್ರಮ್ಮ ಏನೇನೋ ಹೇಳಿದ್ರು ಕಣೇ. ಕೊನೇಲಿ, ಅಷ್ಟೂ ನೆನಪಿರಲ್ಲ ಅಂದ್ರೆ ಜರ್ಮೇನ್ ಹೇಳಿದ ಹಂಗೆ ಮಾಡಿ ಅಂದ್ರು."

ಅರ್ಲೀನ್ ತಿರುಗಿ ನೋಡಿದಳು. ಆ ದಿನದ ನಂತರ ಮೊದಲ ಸಲ ನೇರವಾಗಿ ನನ್ನ ಕಣ್ಣನ್ನೇ.

ನಾನು ಬಾಟಲಿಯನ್ನು ನನ್ನ ಕಡೆಗೆ ಎಳೆದುಕೊಂಡು, ಡಾಕ್ಟರ ಬಾಯಿಂದಲೇ ಕೇಳೋಣವೆಂದು ಫೋನ್ ಎತ್ತಿ ಕ್ಲಿನಿಕ್ಕಿನ ನಂಬರು ಒತ್ತಿದೆ. ಅವನ ಹಿಂದೆ ಆರು ಜನ ನಿಂತಿದ್ದರು, ಒಬ್ಬ ಆಗಲೇ ಗೊಣಗುತ್ತಿದ್ದ. ಕಾಯಲಿ ಎಂದುಕೊಂಡೆ.